ನಗೆಯ ದಾಸೋಹ

ಹಾಸ್ಯವು ವಿದ್ವತ್ತಿಗೆ ಸಲ್ಲದೆಂಬ ಭಾವನೆ ನಮ್ಮ ಪಂಡಿತವರ್ಗದಲ್ಲಿ ಬಹುಕಾಲದಿಂದ ಬೇರೂರಿದೆ. ಶಾಸ್ತ್ರ ಹೇಳುವವನು ನಗಬಾರದು, ನಗಿಸುವವನು ಶಾಸ್ತ್ರವನ್ನು ಮುಟ್ಟಬಾರದು ಎಂಬಂತೆ ಇವೆರಡಕ್ಕೂ ಬೇರೆಬೇರೆ ಪಂಕ್ತಿಗಳನ್ನು ಹಾಕಿದ್ದೇವೆ. ಈ ಪಂಕ್ತಿಭೇದವನ್ನು ಅಳಿಸಿದ ಕನ್ನಡ ಲೇಖಕರಲ್ಲಿ ಡಾ. ಬಿ. ಜಿ. ಎಲ್. ಸ್ವಾಮಿಯವರು ಅಗ್ರಗಣ್ಯರು.

ಡಿ. ವಿ. ಗುಂಡಪ್ಪನವರ ಸುಪುತ್ರರಾದ ಇವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ಅವರ 'ಹಸುರು ಹೊನ್ನು' ಕೃತಿಯು ಶಿಷ್ಯರೊಡನೆ ಕಾಡುಮೇಡುಗಳನ್ನು ಸುತ್ತಿ ಗಿಡಮರಗಳನ್ನು ಗುರುತಿಸಿದ ಸಂಚಾರದ ಕಥನ. ಎಲೆ ಹೂಗಳ ಲಕ್ಷಣ, ಹುಡುಗರ ತುಂಟತನ, ಹಳೆಯ ಕಾವ್ಯಗಳ ಸ್ಮರಣೆ, ಲೇಖಕರೇ ಬರೆದ ರೇಖಾಚಿತ್ರಗಳು ಎಲ್ಲವೂ ಅಲ್ಲಿ ಒಂದೇ ಎಡೆಯಲ್ಲಿ ಬಡಿಸಲ್ಪಟ್ಟಿವೆ. ನಗುತ್ತ ನಗುತ್ತ ವಾಚಕನು ಸಸ್ಯಶಾಸ್ತ್ರದ ವಿದ್ಯಾರ್ಥಿಯಾಗಿರುತ್ತಾನೆ.

'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ' ಎಂಬ ಅವರ ಇನ್ನೊಂದು ಕೃತಿಯ ಹೆಸರೇ ನಗೆ ತರಿಸುತ್ತದೆ. ಆದರೆ ಅದರ ವಿಷಯವು ನಮ್ಮ ಅಭಿಮಾನದ ಬುಡಕ್ಕೇ ಕೈಹಾಕುತ್ತದೆ. ನಾವು ನಿತ್ಯ ಉಣ್ಣುವ ಅನೇಕ ಪದಾರ್ಥಗಳು ಕಡಲಾಚೆಯಿಂದ ಬಂದವು. ಮೆಣಸಿನಕಾಯಿ, ಶೇಂಗಾ, ಬಟಾಟೆ, ಟೊಮೇಟೊಗಳು ಅಮೆರಿಕ ಖಂಡದ ಬೆಳೆಗಳು. ೧೪೯೨ರಲ್ಲಿ ಕೊಲಂಬಸನು ಆ ನೆಲವನ್ನು ಮುಟ್ಟಿದ ತರುವಾಯವೇ ಇತ್ತ ಬಂದವು. ಅದಕ್ಕೆ ಮುನ್ನ ನಮಗೆ ಖಾರವೆಂದರೆ ಕರಿಮೆಣಸು. 'ಮೆಣಸಿನಕಾಯಿ' ಎಂಬ ಪದದಲ್ಲೇ ಆ ಹಳೆಯ ಒಡೆಯನ ಹೆಸರು ಉಳಿದಿದೆ.

ವಾಚಕರೇ, ಇದನ್ನು ನಮ್ಮ ದಾಸೋಹದ ಎಡೆಗೆ ಹೋಲಿಸಿ ನೋಡಿರಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ: ಇದೇ ಅನಾದಿಕಾಲದ ಶರಣರ ಊಟವೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ೧೨ನೆಯ ಶತಮಾನದ ಕಲ್ಯಾಣದಲ್ಲಿ ಆ ಹಿಂಡಿಯೂ ಇರಲಿಲ್ಲ, ಆ ಖಾರವೂ ಇರಲಿಲ್ಲ. ಜೋಳವೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಅತಿಥಿಯೇ. ಇದರಿಂದ ಪ್ರಸಾದಕ್ಕೆ ಕುಂದುಂಟೆ? ಇಲ್ಲ. ಬಂದವರನ್ನು ಇವನಾರವನೆಂದು ಕೇಳದೆ ತನ್ನವರನ್ನಾಗಿಸಿಕೊಳ್ಳುವುದೇ ಶರಣಧರ್ಮವಾದರೆ, ನಮ್ಮ ಎಡೆಯು ನಮಗಿಂತ ಮೊದಲೇ ಆ ಧರ್ಮವನ್ನು ಆಚರಿಸಿದೆ. ಈ ನಗೆಯಿಂದ ಅಹಂಕಾರ ಕರಗುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಶಾಸ್ತ್ರೀಯ ನಾಮಗಳ ದಟ್ಟಣೆಯಲ್ಲಿ ಸಾಮಾನ್ಯ ವಾಚಕನು ಅಲ್ಲಲ್ಲಿ ದಾರಿ ತಪ್ಪುತ್ತಾನೆ. ವಿನೋದವು ಕೆಲವೆಡೆ ಲಂಬಿಸಿ ವಿಷಯವನ್ನು ಮರೆಸುತ್ತದೆ. ಆದರೂ ಅವರಲ್ಲಿ ಒಂದು ಗುಣ ಅಚಲವಾಗಿದೆ: ಪರೀಕ್ಷಿಸದ ವಿಷಯವನ್ನು ಅವರು ಸ್ವಾರಸ್ಯದ ಆಸೆಗಾಗಿ ಹಂಚುವುದಿಲ್ಲ.

ಇಂದು ಈ ಗುಣವೇ ನಮಗೆ ಅತ್ಯವಶ್ಯ. ಪ್ರತಿಯೊಬ್ಬರ ಕೈಯ ದೂರವಾಣಿಯಲ್ಲಿ ನಗೆಹನಿಗಳೂ ಸಂಸ್ಕೃತಿಯ ಸೋಜಿಗಗಳೂ ಬೆಳಗಿನಿಂದ ಇರುಳಿನವರೆಗೆ ಬಂದು ಬೀಳುತ್ತಿವೆ. ಹಂಚಿಕೊಳ್ಳುವ ಹಂಬಲ ಒಳ್ಳೆಯದೇ. ಒಬ್ಬನೇ ಉಣ್ಣುವುದು ನಮ್ಮ ಮಾರ್ಗವಲ್ಲ. ಆದರೆ ಕಲ್ಲು ಆರಿಸದ ಅಕ್ಕಿಯಿಂದ ದಾಸೋಹ ನಡೆಯದು. ಸುಳ್ಳು ಸೋಜಿಗವು ಬುದ್ಧಿಗೆ ಕಲ್ಲು. ಪರರನ್ನು ಹೀಯಾಳಿಸುವ ನಗೆಯು ಹೃದಯಕ್ಕೆ ಕಲ್ಲು. ಮಠದಲ್ಲಿ ಉಂಡು ಓದಿ ಬೆಳೆದವರಾದರೂ ಆರಿಸಿ ಬಡಿಸುವ ಕಾಯಕವನ್ನು ಮರೆಯದಿರಲಿ. ಅದನ್ನು ಕಲಿಯಲು ಸ್ವಾಮಿಯವರ ಈ ಗ್ರಂಥಗಳನ್ನು ಮನೆಮನೆಯಲ್ಲಿ ಓದಬೇಕು, ಮಕ್ಕಳಿಗೆ ಓದಿ ಹೇಳಬೇಕು.