ಫೋಟೊಗೆ ಅಣಿಯಾದ ಮನೆ

ಮಾರಾಟಕ್ಕಿಟ್ಟ ಮನೆಯನ್ನು ಫೋಟೊಗೆ ಅಣಿಮಾಡುವವರ ಕೆಲಸ ನನಗೆ ಬಹಳ ಮೆಚ್ಚು. ಬೆಂಗಳೂರಿನ ಬಸವನಗುಡಿಯ ಹಳೆಯ ಮನೆಯೊಂದರಲ್ಲಿ ಅದನ್ನು ಹತ್ತಿರದಿಂದ ಕಂಡೆ. ಆ ಕೆಲಸಕ್ಕೆ ಬಂದಿದ್ದ ಮಹಿಳೆ ಮೊದಲು ಕೈಹಾಕಿದ್ದು ರೆಡ್ ಆಕ್ಸೈಡ್ ನೆಲಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಆರಲು ಬಿಟ್ಟು, ಹತ್ತಿಬಟ್ಟೆಗೆ ನಾಲ್ಕೇ ಹನಿ ಕೊಬ್ಬರಿ ಎಣ್ಣೆ ಹಾಕಿ ಮೂಲೆಮೂಲೆಯನ್ನೂ ಉಜ್ಜಿದರು. ಎಷ್ಟೋ ಪಾದಗಳು ಸವೆಸಿ ನುಣುಪಾಗಿಸಿದ ಆ ಕೆಂಪಿನಲ್ಲಿ ಕಿಟಕಿಯ ಸರಳುಗಳು ಒಂದೊಂದಾಗಿ ಮೂಡಿದವು. ಎಂಥ ಹೊಸ ಟೈಲ್ಸಿಗೂ ಆ ಹೊಳಪು ಬಾರದು!

ಆಮೇಲೆ ಫ್ರಿಜ್ಜಿನ ಮೇಲಿನ ಚೀಟಿಗಳು, ಬಾಗಿಲ ಹಿಂದಿನ ಬಟ್ಟೆಗಳು, ಮಿಕ್ಸಿ ಎಲ್ಲವೂ ಮರೆಗೆ ಸರಿದವು. ಕ್ಯಾಮೆರಾವನ್ನು ಎದೆಮಟ್ಟದಲ್ಲಿ, ಮೇಲೆ ಕೆಳಗೆ ಬಾಗಿಸದೆ ನಿಲ್ಲಿಸಿದರು. ಇಲ್ಲದಿದ್ದರೆ ಗೋಡೆಗಳು ವಾಲಿದಂತೆ ಕಾಣುತ್ತವೆ. ಅಡುಗೆಮನೆ ಗೋಡೆಯ ಬಿರುಕಿಗೆ ಮಾತ್ರ ಏನನ್ನೂ ಅಡ್ಡವಿಡಲಿಲ್ಲ. “ಕೊಳ್ಳೋರು ನೋಡ್ಲಿ, ಸರ್” ಎಂದರು.