ಮುಳ್ಳಿಲ್ಲದ ಗಡಿಯಾರ

ನಾಣ್ಯ ಹಾಕಿ ಜೂಜಾಡುವ ಹಳೆಯ ಸ್ಲಾಟ್ ಯಂತ್ರದ ಹಿಂಬಾಗಿಲು ತೆಗೆದರೆ ಒಂದು ಪಕ್ಕದಲ್ಲಿ ಗೇರುಗಳ ಪುಟ್ಟ ಗೂಡು ಕಾಣುತ್ತದೆ. ರಿಪೇರಿಯವರ ಬಾಯಲ್ಲಿ ಅದು ‘ಕ್ಲಾಕ್’. ಅದಕ್ಕೆ ಮುಳ್ಳಿಲ್ಲ, ಅಂಕಿಯಿಲ್ಲ. ತಿರುಗುವ ಮೂರು ರೀಲುಗಳನ್ನು ಒಂದಾದ ಮೇಲೊಂದರಂತೆ ನಿಲ್ಲಿಸುವ ಹೊತ್ತು ಯಾವುದೆಂಬುದಷ್ಟೇ ಅದರ ಲೆಕ್ಕ.

ಮೂರು ರೀಲಿನ ಯಂತ್ರಗಳ ಮೂಲ, 19ನೇ ಶತಮಾನದ ಕೊನೆಗೆ ಸ್ಯಾನ್‌ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಕಟ್ಟಿದ ‘ಲಿಬರ್ಟಿ ಬೆಲ್’. ಮುಂದೆ ಷಿಕಾಗೊದ ಮಿಲ್ಸ್ ನಾವೆಲ್ಟಿ ಕಂಪನಿಯ ಯಂತ್ರಗಳಲ್ಲಿ ಒಂದೊಂದು ರೀಲಿಗೆ ನಿಲ್ಲಲು 20 ಕಚ್ಚುಗಳಿದ್ದವು. ಮೂರು ರೀಲಿಗೆ 8,000 ಜೋಡಣೆ.

ಹಿಡಿಕೆ ಎಳೆದಾಗ ಸ್ಪ್ರಿಂಗುಗಳು ಬಿಗಿಯುತ್ತವೆ. ರೀಲುಗಳನ್ನು ಹಿಡಿದಿದ್ದ ಸನ್ನೆಗಳು ಕಚ್ಚು ಬಿಟ್ಟು ಹಿಂದೆ ಸರಿಯುತ್ತವೆ. ಎಳೆತದ ಕೊನೆಗೆ ಮೂರೂ ರೀಲುಗಳಿಗೆ ಒಟ್ಟಿಗೇ ಒದೆ ಬೀಳುತ್ತದೆ, ಕ್ಲಾಕ್ ಓಡತೊಡಗುತ್ತದೆ. ಸ್ಪ್ರಿಂಗಿನ ಬಲವನ್ನು ಅದರ ಪಾಡಿಗೆ ಬಿಟ್ಟರೆ ರೆಪ್ಪೆ ಬಡಿಯುವಷ್ಟರಲ್ಲಿ ಎಲ್ಲ ಮುಗಿದೀತು. ಹಾಗಾಗಿ ಗೇರುಗಳ ಸಾಲಿನ ತುದಿಯಲ್ಲೊಂದು ತಗಡಿನ ಫ್ಯಾನ್. ಅದು ಸುತ್ತಿದಷ್ಟೂ ಗಾಳಿ ತಡೆಯುತ್ತದೆ, ವೇಗಕ್ಕೆ ಮೂಗುದಾರ ಬೀಳುತ್ತದೆ. ಗಂಟೆ ಬಾರಿಸುವ ಗೋಡೆ ಗಡಿಯಾರದ ಒಳಗೂ ಇದೇ ಉಪಾಯ. ಕ್ಲಾಕ್ ಓಡುತ್ತಿದ್ದಂತೆ ಎಡಗಡೆಯ ಸನ್ನೆ ಮೊದಲು ಬಿಡುಗಡೆಯಾಗಿ ಕಚ್ಚಿಗೆ ಬೀಳುತ್ತದೆ: ಟಕ್. ಆಮೇಲೆ ನಡುವಿನದು. ಕೊನೆಯ ಟಕ್ಕಿಗೆ ಮುಂಚಿನ ಆ ಅರೆಗಳಿಗೆಯಲ್ಲೇ ಆಟದ ರುಚಿಯೆಲ್ಲ ಇರುವುದು.

ಇಂಥ ಕ್ಲಾಕುಗಳು ಸವೆದು ಕೆಡುವುದಕ್ಕಿಂತ ಜಿಡ್ಡುಗಟ್ಟಿ ನಿಲ್ಲುವುದೇ ಹೆಚ್ಚು. ಹಳೆಯ ಎಣ್ಣೆ ಅಂಟಾಗಿ ಫ್ಯಾನ್ ತೆವಳುತ್ತದೆ, ಕೊನೆಯ ರೀಲಿನ ಸನ್ನೆ ಬೀಳದೆ ಉಳಿಯುತ್ತದೆ. ಅದರ ಮೇಲೆ ಇನ್ನಷ್ಟು ಎಣ್ಣೆ ಸುರಿಯುವುದು ಶುದ್ಧ ಅವಿವೇಕ. ಬಿಚ್ಚಿ, ಸಾಲ್ವೆಂಟಿನಲ್ಲಿ ತೊಳೆದು, ಒಣಗಿಸಿ, ಅಚ್ಚಿನ ತುದಿಗಳಿಗೆ ಮಾತ್ರ ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಲ್ಲಿ ಮುಟ್ಟಿಸಿದರೆ ಸಾಕು. ಫ್ಯಾನಿನ ರೆಕ್ಕೆಗೆ ಎಣ್ಣೆ ಸೋಕಕೂಡದು, ಧೂಳು ಕೂರುತ್ತದೆ.

ಚೆನ್ನಾಗಿ ಓಡುವ ಕ್ಲಾಕಿನಿಂದಲೂ ತೊಂದರೆ ತಪ್ಪಿದ್ದಲ್ಲ. ಅದು ಪ್ರತಿ ಸಲವೂ ಅಷ್ಟೇ ಹೊತ್ತು ಓಡುವುದನ್ನು 1940ರ ದಶಕದ ಕೊನೆಗೆ ನೆವಾಡಾದ ಕೆಲವು ಆಟಗಾರರು ಪತ್ತೆಮಾಡಿದರು. ಲಯ ತಪ್ಪದೆ ಹಿಡಿಕೆ ಎಳೆದು, ರೀಲು ಎಲ್ಲಿ ನಿಂತೀತೆಂದು ಮೊದಲೇ ಊಹಿಸಿ ನಾಣ್ಯ ಬಾಚತೊಡಗಿದರು. ‘ರಿದಮ್’ ಆಟವೆಂದೇ ಅದಕ್ಕೆ ಹೆಸರಾಯಿತು. ಇದಕ್ಕೆ ತಯಾರಕರು ಕಂಡುಕೊಂಡ ಮದ್ದು ‘ವೇರಿಯೇಟರ್’: ಕ್ಲಾಕಿನ ಓಟವನ್ನು ಒಮ್ಮೆ ಹಿಗ್ಗಿಸಿ ಒಮ್ಮೆ ಕುಗ್ಗಿಸುವ ಹೆಚ್ಚುವರಿ ಭಾಗ.