195 ಸೆಕೆಂಡುಗಳ ಊರು

2021ರ ನವೆಂಬರಿನಲ್ಲಿ ಹೊಸ ಸೆಲೆರಿಯೊ ಕಾರು ಮಾರುಕಟ್ಟೆಗೆ ಬಂದಾಗ ಅದರ ಹೆಸರಿಗಿಂತ ಮುಂದೆ ಓಡಿದ್ದು ಒಂದು ಅಂಕಿ: ಲೀಟರಿಗೆ 26.68 ಕಿಲೋಮೀಟರ್. ದೇಶದ ಪೆಟ್ರೋಲ್ ಕಾರುಗಳಲ್ಲೇ ಅತಿ ಹೆಚ್ಚು ಮೈಲೇಜ್ ಕೊಡುವ ಕಾರು ಇದು ಎಂದು ಕಂಪನಿ ಸಾರಿತು, ಪತ್ರಿಕೆಗಳು ಅದನ್ನೇ ತಲೆಬರಹ ಮಾಡಿದವು. ಅದೇ ಕಾರನ್ನು ಬೆಂಗಳೂರಿನೊಳಗೆ ಎಸಿ ಹಾಕಿಕೊಂಡು ದಿನವೂ ಓಡಿಸುವವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 14ರಿಂದ 18. ಹೆದ್ದಾರಿಗೆ ಬಿದ್ದರೆ 20 ದಾಟುತ್ತದೆ. ನನ್ನ ತಕರಾರು ಕಾರಿನ ಮೇಲಲ್ಲ. ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್ನಿಗೆ, ನಾಲ್ಕೈದು ಜನ ಕೂರುವ ಗಾಡಿಗೆ, ನಮ್ಮ ಊರಿನ ರಸ್ತೆಯಲ್ಲಿ 16 ಬಂದರೂ ಅದು ಒಳ್ಳೆಯ ಸಾಧನೆಯೇ. ತಕರಾರು ಇರುವುದು ಆ ಅಂಕಿಗೆ ನಾವು ಕೊಟ್ಟಿರುವ ಮರ್ಯಾದೆಯ ಮೇಲೆ.

ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಡುವ ಪ್ರಮಾಣಪತ್ರ, ಲ್ಯಾಬಿನಲ್ಲಿ ರೋಲರುಗಳ ಮೇಲೆ ಓಡಿಸುವ ಕ್ರಮ, ಹೊಗೆಯಲ್ಲಿರುವ ಇಂಗಾಲದಿಂದ ಪೆಟ್ರೋಲಿನ ಲೆಕ್ಕ ತೆಗೆಯುವ ವಿಧಾನ, ಇವೆಲ್ಲ ಕಾರು ಕೊಳ್ಳಲು ಹೊರಟವರು ಒಮ್ಮೆಯಾದರೂ ಕೇಳಿರುವ ಸಂಗತಿಗಳು. ‘ಲ್ಯಾಬಿನ ಅಂಕಿ ರಸ್ತೆಯಲ್ಲಿ ಬರುವುದಿಲ್ಲ’ ಎಂಬುದೂ ಎಲ್ಲರಿಗೂ ಗೊತ್ತು. ಆದರೆ ಯಾಕೆ ಬರುವುದಿಲ್ಲ ಎಂದು ಕೇಳಿದರೆ ‘ಟ್ರಾಫಿಕ್ಕು’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆ ಪರೀಕ್ಷೆಯನ್ನು ಒಂದು ಕೃತಿಯಂತೆ ಸಾಲು ಸಾಲಾಗಿ ಓದಿದವರು ಕಡಿಮೆ.

ಪರೀಕ್ಷೆಯ ಹೆಸರು ಎಂಐಡಿಸಿ, ಅಂದರೆ ಪರಿಷ್ಕೃತ ಭಾರತೀಯ ಚಾಲನಾ ಚಕ್ರ. ಹೆಸರಿನಲ್ಲಿ ಭಾರತ ಇದ್ದರೂ ಇದರ ಮೈಕಟ್ಟು ಯುರೋಪಿನ ಹಳೆಯ ಎನ್‌ಇಡಿಸಿ ಚಕ್ರದ್ದು. ಒಟ್ಟು 1180 ಸೆಕೆಂಡು. ಮೊದಲ ಭಾಗದಲ್ಲಿ 195 ಸೆಕೆಂಡುಗಳ ಒಂದು ‘ಊರು’ ನಾಲ್ಕು ಸಲ ಬರುತ್ತದೆ. ಎರಡನೆಯ ಭಾಗದಲ್ಲಿ 400 ಸೆಕೆಂಡುಗಳ ಹೊರವಲಯ. ಯುರೋಪಿನಲ್ಲಿ ಈ ಹೊರವಲಯದ ಗರಿಷ್ಠ ವೇಗ 120 ಇತ್ತು, ನಮಗಾಗಿ ಅದನ್ನು 90ಕ್ಕೆ ಇಳಿಸಿದರು.

ಆ 195 ಸೆಕೆಂಡುಗಳನ್ನು ಬಿಡಿಸಿ ನೋಡಿ. 11 ಸೆಕೆಂಡು ನಿಂತಿರಬೇಕು. 4 ಸೆಕೆಂಡಿನಲ್ಲಿ 15ರ ವೇಗಕ್ಕೆ ಏರಿ, 8 ಸೆಕೆಂಡು ಅಲ್ಲೇ ಇದ್ದು, ನಿಲ್ಲಬೇಕು. 21 ಸೆಕೆಂಡು ವಿರಾಮ. ಆಮೇಲೆ 12 ಸೆಕೆಂಡಿನಲ್ಲಿ 32ಕ್ಕೆ ಏರಿ, 24 ಸೆಕೆಂಡು ಅದೇ ವೇಗದಲ್ಲಿ ಸಾಗಿ, ಮತ್ತೆ ನಿಲ್ಲಬೇಕು. ಮತ್ತೆ 21 ಸೆಕೆಂಡು ವಿರಾಮ. ಕೊನೆಗೆ 26 ಸೆಕೆಂಡು ತೆಗೆದುಕೊಂಡು 50ಕ್ಕೆ ಏರಿ, 35ಕ್ಕೆ ಇಳಿದು, ನಿಲ್ಲಬೇಕು. ಒಂದು ಕಿಲೋಮೀಟರಿನ ಈ ಊರಿನಲ್ಲಿ ಹಂಪ್ ಇಲ್ಲ, ಏರು ಇಲ್ಲ, ಅಡ್ಡ ಬರುವ ಆಟೊ ಇಲ್ಲ. 26 ಸೆಕೆಂಡಿನಲ್ಲಿ 50 ಮುಟ್ಟುವ ಸಾವಧಾನವನ್ನು ಬೆಂಗಳೂರಿನ ಹೆಬ್ಬಾಳದಲ್ಲೋ ಸಿಲ್ಕ್ ಬೋರ್ಡಿನಲ್ಲೋ ಹಸಿರು ದೀಪ ಬಿದ್ದಾಗ ತೋರಿಸಿದರೆ ಹಿಂದಿನವರು ಬಿಡುವುದಿಲ್ಲ.

ಇಲ್ಲಿ ಬಹುಪಾಲು ವಿಮರ್ಶಕರು ಎಡವುವ ಒಂದು ಜಾಗ ಇದೆ. ಲ್ಯಾಬಿನ ಊರು ನಮ್ಮ ಊರಿಗಿಂತ ವೇಗವಾದದ್ದು ಎಂದು ಅವರು ತಿಳಿದಿದ್ದಾರೆ. ಹಾಗಿಲ್ಲ. ಪರೀಕ್ಷೆಯ ನಗರ ಭಾಗದ ಸರಾಸರಿ ವೇಗ ಗಂಟೆಗೆ 18-19 ಕಿ.ಮೀ. ಟಾಮ್‌ಟಾಮ್ ಸಂಸ್ಥೆಯ 2022ರ ಸಮೀಕ್ಷೆ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು 29 ನಿಮಿಷಕ್ಕೂ ಸ್ವಲ್ಪ ಹೆಚ್ಚು ಬೇಕು ಎಂದು ಹೇಳಿತ್ತು. ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ಸರಾಸರಿಯಲ್ಲಿ ಲ್ಯಾಬಿನ ಊರೇ ತುಸು ನಿಧಾನ. ಹಾಗಾದರೆ ಪೆಟ್ರೋಲ್ ಎಲ್ಲಿ ಹೋಯಿತು?

ಎರಡು ಕಡೆ ಹೋಯಿತು. ಮೊದಲನೆಯದು ದೂರದ ಹಂಚಿಕೆ. ನಗರ ಭಾಗದ ನಾಲ್ಕು ಸುತ್ತೂ ಸೇರಿ ಆಗುವ ದೂರ 4 ಕಿ.ಮೀ. ಚಿಲ್ಲರೆ. ಹೊರವಲಯದ ಭಾಗ ಒಂದೇ ಆರೂವರೆ ಕಿ.ಮೀ. ದಾಟುತ್ತದೆ. ಹತ್ತೂವರೆ ಕಿ.ಮೀ. ಆಚೀಚೆಯ ಇಡೀ ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತು ಪಾಲು ದೂರ ಹೆದ್ದಾರಿಯಂಥ ನಿರಾತಂಕ ಓಟದ್ದು. ಸಮಯದ ಲೆಕ್ಕದಲ್ಲಿ ಊರು ದೊಡ್ಡದು, ದೂರದ ಲೆಕ್ಕದಲ್ಲಿ ಹೊರವಲಯ ದೊಡ್ಡದು. ಮೈಲೇಜ್ ಅಳೆಯುವುದು ದೂರದಿಂದ. ಹಾಗಾಗಿ ಮನೆಯಿಂದ ಕಚೇರಿ, ಕಚೇರಿಯಿಂದ ಮನೆ ಎಂದು ಓಡಾಡುವವರ ದಿನಚರಿ ಆ 26.68ರಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು ಪಡೆದಿದೆ.

ಎರಡನೆಯದು ನಿಲುಗಡೆಗಳ ಆಕಾರ. 26.68 ಎಂದರೆ ಕಿಲೋಮೀಟರಿಗೆ ಸುಮಾರು 37 ಮಿಲಿಲೀಟರ್ ಪೆಟ್ರೋಲ್. ಚಾಲಕರೂ ಸೇರಿ ಒಂಬೈನೂರು ಕಿಲೋ ಆಸುಪಾಸಿನ ಕಾರು 50ರ ವೇಗದಲ್ಲಿ ಹೋಗುತ್ತಿರುವಾಗ ಬ್ರೇಕ್ ಒತ್ತಿ ನಿಂತರೆ ಅದರ ಚಲನಶಕ್ತಿ ಎಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಅದೇ ವೇಗವನ್ನು ಮತ್ತೆ ಗಳಿಸಲು, ಎಂಜಿನ್ನಿನ ದಕ್ಷತೆಯನ್ನೂ ಹಿಡಿದು ಲೆಕ್ಕ ಹಾಕಿದರೆ, ಹತ್ತು ಮಿಲಿಲೀಟರಿನ ಆಚೀಚೆ ಪೆಟ್ರೋಲ್ ಬೇಕು. ಇಂಥ ಎಂಜಿನ್ ನಿಂತಲ್ಲೇ ಉರಿಯುತ್ತಿದ್ದರೆ ನಿಮಿಷಕ್ಕೆ ಮತ್ತೂ ಸುಮಾರು ಹತ್ತು ಮಿಲಿಲೀಟರ್. ಪರೀಕ್ಷೆಯಲ್ಲಿ ಇರುವುದಕ್ಕಿಂತ ಕಿಲೋಮೀಟರಿಗೆ ಒಂದೇ ಒಂದು ನಿಲುಗಡೆ, ಒಂದೇ ಒಂದು ನಿಮಿಷ ಹೆಚ್ಚಾದರೂ 37 ಹೋಗಿ 57 ಆಯಿತು. ಅಂದರೆ ಲೀಟರಿಗೆ ಹದಿನೇಳೂವರೆ ಕಿಲೋಮೀಟರ್. ಯಾರೂ ಮೋಸ ಮಾಡಲಿಲ್ಲ, ಗಾಡಿ ಕೆಟ್ಟಿಲ್ಲ, ಆದರೂ ಮೂರನೇ ಒಂದು ಭಾಗ ಮೈಲೇಜ್ ಹೋಯಿತು.

ಇದಿಷ್ಟೂ ಎಸಿ ಹಾಕದೆ ಮಾಡಿದ ಲೆಕ್ಕ. ಪರೀಕ್ಷೆಯೂ ಎಸಿ ಬಂದ್ ಮಾಡಿಯೇ ನಡೆಯುತ್ತದೆ, ಅದೂ 20ರಿಂದ 30 ಡಿಗ್ರಿಯ ಕೋಣೆಯಲ್ಲಿ. ದೊಡ್ಡ ಕಾರಿಗಿಂತ ಸಣ್ಣ ಕಾರಿಗೆ ಇಲ್ಲಿ ಹೆಚ್ಚು ಪೆಟ್ಟು ಬೀಳುತ್ತದೆ. ಸಪಾಟು ರಸ್ತೆಯಲ್ಲಿ 50ರ ಸಮವೇಗದಲ್ಲಿ ಓಡಲು ಇಂಥ ಗಾಡಿಯ ಚಕ್ರಗಳಿಗೆ ಬೇಕಾದದ್ದು ಎರಡೂವರೆ-ಮೂರು ಕಿಲೋವ್ಯಾಟ್. ಬಿಸಿಲಿನಲ್ಲಿ ಎಸಿ ಕಂಪ್ರೆಸರ್ ಒಂದೇ ಒಂದೂವರೆಯಿಂದ ಎರಡು ಕಿಲೋವ್ಯಾಟ್ ಕೇಳಬಲ್ಲದು. ಜನರ ತೂಕವೂ ಹಾಗೆಯೇ: ಐದು ಜನ, ಅವರ ಚೀಲಗಳು ಸೇರಿ ಮುನ್ನೂರು ಕಿಲೋ ಆದರೆ, ಎಂಟುನೂರು ಕಿಲೋ ಗಾಡಿಗೆ ಅದು ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಹೊರೆ. ಹಾಗೆ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವ ಕುಟುಂಬಕ್ಕೆ ಲ್ಯಾಬಿನ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಇನ್ನು 26.68 ಬಂದದ್ದು ಯಾವ ಮಾದರಿಗೆ ಎಂಬುದನ್ನು ಗಮನಿಸಿ. ಕ್ಲಚ್ ಪೆಡಲ್ ಇಲ್ಲದ ಎಎಂಟಿ ಮಾದರಿಗೆ. ಮ್ಯಾನುಯಲ್ ಗೇರಿನ ಮಾದರಿಗಳಿಗೆ ಸಿಕ್ಕದ್ದು 25ರ ಆಸುಪಾಸು. ಈ ಚಕ್ರದ ಯುರೋಪಿನ ಮೂಲದಲ್ಲಿ ಮ್ಯಾನುಯಲ್ ಕಾರಿನ ಗೇರನ್ನು ಯಾವ ಸೆಕೆಂಡಿನಲ್ಲಿ ಬದಲಿಸಬೇಕು ಎಂಬುದು ಮೊದಲೇ ಬರೆದಿಟ್ಟ ನಿಯಮ, ಸ್ವಯಂಚಾಲಿತ ಗೇರಿಗೆ ಆ ಕಟ್ಟುಪಾಡು ಇಲ್ಲ. ಬೇಗ ಬೇಗ ಮೇಲಿನ ಗೇರಿಗೆ ಏರುವ ತಂತ್ರಾಂಶಕ್ಕೆ ನಿಧಾನವಾಗಿ ವೇಗ ಏರಿಸುವ ಇಂಥ ಚಕ್ರ ಹೇಳಿ ಮಾಡಿಸಿದ್ದು. ಇದರ ಜೊತೆಗೆ, ಗಾಡಿ ನಿಂತಾಗ ಎಂಜಿನ್ ತಾನೇ ಆರಿಹೋಗುವ ಸ್ಟಾರ್ಟ್-ಸ್ಟಾಪ್ ಸೌಲಭ್ಯ. ಇಡೀ ಪರೀಕ್ಷೆಯಲ್ಲಿ ಸುಮಾರು ಕಾಲು ಭಾಗ ಸಮಯ ಗಾಡಿ ನಿಂತೇ ಇರುತ್ತದೆ, ಎಸಿಯ ಹಂಗಿಲ್ಲ, ಹಾಗಾಗಿ ಉಳಿತಾಯ ದೊಡ್ಡದಾಗಿ ಕಾಣುತ್ತದೆ. ರಸ್ತೆಯಲ್ಲಿ ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಎಂಜಿನ್ ಆರಿದರೆ ತಂಪೂ ಹೋಯಿತು. ಒಳಗೆ ಸೆಖೆ ಏರುತ್ತಿದ್ದಂತೆ ಎಂಜಿನ್ ಮತ್ತೆ ಹೊತ್ತಿಕೊಳ್ಳುತ್ತದೆ, ಇಲ್ಲವೇ ಚಾಲಕರೇ ಗುಂಡಿ ಒತ್ತಿ ಆ ಸೌಲಭ್ಯವನ್ನು ಬಂದ್ ಮಾಡುತ್ತಾರೆ. ಪರೀಕ್ಷೆಯಲ್ಲಿ ಗೆಲ್ಲಿಸಿದ ಸೌಲಭ್ಯ ಮಾರ್ಚ್ ತಿಂಗಳ ಕಲಬುರಗಿಯಲ್ಲಿ ಅಷ್ಟರಮಟ್ಟಿಗೆ ಕೈಕೊಡುತ್ತದೆ. ಇಷ್ಟೆಲ್ಲ ಅನಿಶ್ಚಯ ಇರುವಾಗ ದಶಮಾಂಶದ ಎರಡನೆಯ ಸ್ಥಾನದವರೆಗೆ ಅಂಕಿ ಕೊಡುವುದು ಕೊಳ್ಳುವವರಲ್ಲಿ ಸಲ್ಲದ ನಂಬಿಕೆ ಹುಟ್ಟಿಸುತ್ತದೆ.

ಈಗ ನನ್ನ ಸಹ-ವಿಮರ್ಶಕರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಕಂಪನಿಗಿಂತ ಹೆಚ್ಚು ಜವಾಬ್ದಾರಿ ಇವರದು. ಕಂಪನಿ ಕಾನೂನು ಕೇಳಿದ ಪರೀಕ್ಷೆ ಮಾಡಿಸಿ ಬಂದ ಅಂಕಿ ಹೇಳಿತು. ಆ ಅಂಕಿಯನ್ನು ಬಿಡಿಸಿ ನೋಡಬೇಕಾದವರು ಬೇರೆ ಮೂರು ತಪ್ಪು ತಿಳಿವಳಿಕೆಗಳನ್ನು ಜನರ ಕೈಗೆ ಕೊಟ್ಟರು.

ಮೊದಲ ಗುಂಪಿನವರು ‘ಮೈಲೇಜ್ ಇರುವುದು ನಿಮ್ಮ ಬಲಗಾಲಲ್ಲಿ’ ಎನ್ನುವವರು. ನಯವಾಗಿ ಓಡಿಸಿದರೆ ಪೆಟ್ರೋಲ್ ಉಳಿಯುತ್ತದೆ, ಒಪ್ಪಿದೆ. ಆದರೆ ಮುಂದಿನ ಬಸ್ಸು ನಿಂತಾಗ ನಿಲ್ಲುವುದು, ಹಂಪ್ ಬಂದಾಗ ಬ್ರೇಕ್ ಒತ್ತುವುದು, ಸಿಗ್ನಲ್ಲಿನಲ್ಲಿ ಮೂರು ನಿಮಿಷ ಕಾಯುವುದು ಕಾಲಿನ ಆಯ್ಕೆಯಲ್ಲ. ಹತ್ತು ಮಿಲಿಲೀಟರಿನ ಲೆಕ್ಕದಲ್ಲಿ ಬಹುಪಾಲು ನಷ್ಟ ಆಗುವುದು ರಸ್ತೆ ವಿಧಿಸಿದ ನಿಲುಗಡೆಗಳಿಂದ. ಊರಿನ ಯೋಜನೆಯ ದೋಷವನ್ನು ಚಾಲಕರ ನಡತೆಯ ದೋಷವಾಗಿ ಬದಲಿಸುವ ಈ ಉಪದೇಶ, ತಿಂಗಳ ಸಂಬಳದಲ್ಲಿ ಪೆಟ್ರೋಲಿಗೆ ಇಷ್ಟು ಎಂದು ಎತ್ತಿಡುವ ಮನುಷ್ಯರನ್ನು ಅನ್ಯಾಯವಾಗಿ ತಪ್ಪಿತಸ್ಥರನ್ನಾಗಿ ಮಾಡುತ್ತದೆ.

ಎರಡನೆಯ ಗುಂಪು ಒಂದು ಸಲ ಟ್ಯಾಂಕ್ ತುಂಬಿಸಿ, ನೂರಿನ್ನೂರು ಕಿಲೋಮೀಟರ್ ಓಡಿಸಿ, ಮತ್ತೆ ತುಂಬಿಸಿ, ಭಾಗಿಸಿ ‘ನಿಜವಾದ ಮೈಲೇಜ್’ ಎಂದು ಘೋಷಿಸುವವರದು. ಬಂಕಿನ ಗನ್ ತಾನಾಗಿ ಕಟ್ ಆಗುವ ಮಟ್ಟ ಗಾಡಿ ನಿಂತ ಓರೆಯ ಮೇಲೆ, ಪೆಟ್ರೋಲಿನ ನೊರೆಯ ಮೇಲೆ ಬದಲಾಗುತ್ತದೆ. ಹತ್ತು ಲೀಟರ್ ತುಂಬಿಸುವಾಗ ಒಂದು ಲೀಟರ್ ಆಚೀಚೆ ಆದರೆ ಫಲಿತಾಂಶದಲ್ಲಿ ನೂರಕ್ಕೆ ಹತ್ತು ತಪ್ಪು. ಅಂಥ ಒಂದೊಂದು ಪರೀಕ್ಷೆಯನ್ನು ಇಟ್ಟುಕೊಂಡು ‘ಈ ಕಾರು 19.2, ಆ ಕಾರು 18.6’ ಎಂದು ತೀರ್ಪು ಕೊಡುವುದಕ್ಕೆ ಆಧಾರವೇ ಇಲ್ಲ.

ಮೂರನೆಯ ಗುಂಪಿನ ತಪ್ಪು ಗಣಿತದ್ದು, ಎಲ್ಲಕ್ಕಿಂತ ಹೆಚ್ಚು ಹರಡಿರುವುದೂ ಅದೇ. ಪೇಟೆಯಲ್ಲಿ 10, ಹೆದ್ದಾರಿಯಲ್ಲಿ 20, ಆದ್ದರಿಂದ ಸರಾಸರಿ 15 ಎಂದು ಬರೆಯುತ್ತಾರೆ. ಎರಡೂ ಕಡೆ ನೂರು ನೂರು ಕಿಲೋಮೀಟರ್ ಓಡಿದ್ದರೆ ಖರ್ಚಾದದ್ದು 10 ಮತ್ತು 5, ಒಟ್ಟು 15 ಲೀಟರ್. ಇನ್ನೂರನ್ನು ಹದಿನೈದರಿಂದ ಭಾಗಿಸಿದರೆ 13.3. ಕಿಲೋಮೀಟರ್‌ಗಳನ್ನು ಸರಾಸರಿ ಮಾಡಬಾರದು, ಲೀಟರುಗಳನ್ನು ಕೂಡಬೇಕು. ಯುರೋಪಿನವರು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಹೇಳುವ ಪದ್ಧತಿಯಲ್ಲಿ ಈ ತಪ್ಪು ಸುಲಭಕ್ಕೆ ನುಸುಳುವುದಿಲ್ಲ. ಆ ಲೆಕ್ಕದಲ್ಲಿ ಇನ್ನೊಂದು ಸತ್ಯವೂ ಕಾಣುತ್ತದೆ: ಮೈಲೇಜ್ 10ರಿಂದ 12ಕ್ಕೆ ಏರಿದರೆ ನೂರು ಕಿಲೋಮೀಟರಿಗೆ 1.67 ಲೀಟರ್ ಉಳಿತಾಯ, 20ರಿಂದ 22ಕ್ಕೆ ಏರಿದರೆ 0.45 ಲೀಟರ್ ಮಾತ್ರ. ಮೇಲಿನ ತುದಿಯ ಸ್ಪರ್ಧೆಗಾಗಿ ಪುಟಗಟ್ಟಲೆ ಬರೆಯುವ ನಾವು ಜನರ ದುಡ್ಡು ನಿಜವಾಗಿ ಸೋರುವ ಕೆಳತುದಿಯನ್ನು ಮುಟ್ಟಿಯೇ ಇಲ್ಲ.

ಪರೀಕ್ಷೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಎಲ್ಲ ಕಾರುಗಳಿಗೂ ಒಂದೇ ಅಳತೆಗೋಲು ಇದ್ದರೆ ಹೋಲಿಕೆಗೆ ಅನುಕೂಲ ಎನ್ನುತ್ತಾರೆ. ಅಷ್ಟರಮಟ್ಟಿಗೆ ಸರಿ. ಆದರೆ ಅಳತೆಗೋಲು ಹಳೆಯದಾದಷ್ಟೂ ಅದಕ್ಕೆ ತಕ್ಕಂತೆ ಗಾಡಿ ಕಟ್ಟುವ ಕಲೆ ಬೆಳೆಯುತ್ತದೆ. ಯುರೋಪಿನಲ್ಲಿ ಈ ಶತಮಾನದ ಆರಂಭದಲ್ಲಿ ನೂರಕ್ಕೆ ಹತ್ತರೊಳಗಿದ್ದ ಲ್ಯಾಬು-ರಸ್ತೆಯ ಅಂತರ 2015ರ ಹೊತ್ತಿಗೆ ನಲವತ್ತರ ಆಸುಪಾಸಿಗೆ ಹೋಗಿತ್ತು. 2017ರಿಂದ ಅವರು ಆ ಚಕ್ರವನ್ನು ಬಿಟ್ಟು, 1800 ಸೆಕೆಂಡುಗಳ, 23 ಕಿ.ಮೀ. ದಾಟುವ ಡಬ್ಲ್ಯುಎಲ್‌ಟಿಪಿ ಪರೀಕ್ಷೆಗೆ ಬಂದರು. ಅಮೆರಿಕದಲ್ಲಿ 2008ರ ಮಾದರಿಗಳಿಂದಲೇ ಎಸಿ, ಚಳಿ, ಜೋರು ಓಟ ಮೂರನ್ನೂ ಲೆಕ್ಕಕ್ಕೆ ಹಿಡಿದು ಊರಿಗೊಂದು, ಹೆದ್ದಾರಿಗೊಂದು ಅಂಕಿ ಕೊಡುತ್ತಾರೆ.

ಲ್ಯಾಬು-ರಸ್ತೆಯ ಈ ಅಂತರ ಕೊಳ್ಳುವವರ ಜೇಬಿನ ಪ್ರಶ್ನೆ ಮಾತ್ರವೂ ಅಲ್ಲ. ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ 26.68ರ ಲೆಕ್ಕದಲ್ಲಿ 375 ಲೀಟರ್ ಸಾಕು, 15ರ ಲೆಕ್ಕದಲ್ಲಿ 667 ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ 29,000 ರೂಪಾಯಿ ಹೆಚ್ಚು. ಅದೇ ಲ್ಯಾಬಿನ ಅಂಕಿಯಿಂದಲೇ ಸರ್ಕಾರ ಕಂಪನಿಗಳ ಇಂಗಾಲದ ಮಿತಿಯನ್ನೂ ಲೆಕ್ಕ ಹಾಕುತ್ತದೆ. ಕಾಗದದ ಮೇಲೆ ಕಿಲೋಮೀಟರಿಗೆ 90 ಗ್ರಾಂಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಉಗುಳುವ ಈ ಕಾರು, 15 ಕೊಡುವ ರಸ್ತೆಯಲ್ಲಿ 150 ಗ್ರಾಂ ದಾಟುತ್ತದೆ. ಇದರ ಮೇಲೆ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಹಳೆಯ ನಾಲ್ಕು ಚಕ್ರದ ಗಾಡಿಗಳಲ್ಲಿ ಅದರಿಂದ ನೂರಕ್ಕೆ 6-7ರಷ್ಟು ಮೈಲೇಜ್ ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು.

ಆದ್ದರಿಂದ ನನ್ನ ತೀರ್ಪು ಇಷ್ಟು: ಕಾರು ಒಳ್ಳೆಯದು, ಅಂಕಿ ಕೆಲಸಕ್ಕೆ ಬಾರದ್ದು. ಎಸಿ ಹಾಕಿ ಅಳೆದ ನಗರದ ಅಂಕಿ ಒಂದು, ಹೆದ್ದಾರಿಯ ಅಂಕಿ ಇನ್ನೊಂದು, ಎರಡನ್ನೂ ಪ್ರತ್ಯೇಕವಾಗಿ ಪ್ರಕಟಿಸಬೇಕು ಎಂದು ಕಾನೂನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಸಣ್ಣ ಕಾರು ಕೊಳ್ಳುವಾಗ ಜಾಹೀರಾತಿನ ಅಂಕಿಯಲ್ಲಿ ಪೇಟೆ ಓಡಾಟಕ್ಕೆ ಮೂರನೇ ಒಂದು ಭಾಗ ಕಳೆದು ತಿಂಗಳ ಖರ್ಚು ಲೆಕ್ಕ ಹಾಕಿ. ಕೊಂಡ ಮೇಲೆ ಒಂದೇ ಬಂಕಿನಲ್ಲಿ ತುಂಬಿಸಿ, ಕೆಲವು ತಿಂಗಳ ಲೀಟರುಗಳನ್ನು ಕೂಡಿ, ಅಷ್ಟೂ ದಿನ ಓಡಿದ ದೂರವನ್ನು ಆ ಮೊತ್ತದಿಂದ ಭಾಗಿಸಿ. ನಿಮ್ಮ ಕಾರಿನ ಮೈಲೇಜ್ ಎಂದರೆ ಆ ಅಂಕಿಯೇ.